ಕಿಟಕಿಯ ಮೇಲಿನ ಮೂರು ಉಂಡೆಗಳು

ಕಿಟಕಿಯ ಹಲಗೆಯ ಮೇಲೆ, ಕುರಿಯ ಉಣ್ಣೆಯನ್ನು ಅದುಮಿ ಮಾಡಿದ ಮೂರು ಉಂಡೆಗಳು. ಮೊದಲನೆಯದು ಚೆರಿ ಹಣ್ಣಿನಷ್ಟು, ಕೆಂಪು. ಎರಡನೆಯದು ಅಕ್ರೋಟಿನಷ್ಟು, ಬೂದು. ಮೂರನೆಯದು ಕೋಳಿಮೊಟ್ಟೆಯಷ್ಟು, ಬಿಳಿ. ಗಾಜಿನಾಚೆ ಮಾರ್ಚ್ ತಿಂಗಳ ಹಿಮ. ಹಿಮದ ಮೇಲೆ ಕುರಿಹಟ್ಟಿಯ ನೀಲಿ ನೆರಳು. ಬಿಸಿಲು ಒಂದು ಉಂಡೆಯನ್ನು ಬಿಟ್ಟು ಇನ್ನೊಂದನ್ನು ಮುಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು. ಆ ಸಾಲಿನ ಕೊನೆಗೆ, ನನ್ನ ಹೆಂಡತಿ ಸಾಯ್ರಾಕಾನ್ ತಂದಿಟ್ಟ ಹಾಲಿನ ಬಾಟಲಿ.

ಪರದೆಯ ಹಿಂದೆ ಸೊಸೆ ಬುರುಲ್ಚಾ, ಅವಳ ತೋಳಲ್ಲಿ ಮೂರು ದಿನದ ಮಗು. ಮಗು ಅಳುತ್ತಿತ್ತು.

ಮೊದಲ ಮಗಳಿಗೆ ಅವಳು ಮೊಲೆಯೂಡಿಸಿದ್ದು ನಾಲ್ಕೇ ದಿನ. 'ನಿನ್ನಲ್ಲಿ ಹಾಲಿಲ್ಲ' ಎಂದು ಮನೆಯೆಲ್ಲ ಹೇಳಿತು, ಅವಳು ನಂಬಿದಳು. ಹೇಳಿದವರಲ್ಲಿ ನಾನೂ ಒಬ್ಬ. ಈ ಸಲ ಬಸುರಿಯಾದ ಏಳನೆಯ ತಿಂಗಳಿನಿಂದ, ಪ್ರತಿ ಗುರುವಾರ, ಹಿಮ ತುಳಿದುಕೊಂಡು ನರ್ಸ್ ಬಾತ್ಮಾಳ ಆರೋಗ್ಯ ಕೇಂದ್ರಕ್ಕೆ ಹೋದಳು. ಉಣ್ಣೆ ತುಂಬಿದ ಗೊಂಬೆಯನ್ನು ಎದೆಗೆ ಹಿಡಿಯುವುದನ್ನು ಕಲಿತಳು. ಹಸುಗೂಸಿನ ಹೊಟ್ಟೆ ಮೊದಲ ದಿನ, ಮೂರನೆಯ ದಿನ, ತಿಂಗಳು ತುಂಬಿದಾಗ ಎಷ್ಟಿರುತ್ತದೆ ಎಂಬ ಅಳತೆಗೆಂದು ಈ ಉಂಡೆಗಳನ್ನು ತಂದಳು.

"ಮಗು ಹಸಿದು ಸಾಯ್ತಿದೆ, ನೀನು ಆಟದ ಸಾಮಾನು ಜೋಡಿಸ್ಕೊಂಡು ಕೂತಿದೀಯ," ಎಂದಳು ಸಾಯ್ರಾಕಾನ್. "ಹೋದ ಸಲವೂ ಹೀಗೇ ಆಯ್ತು."

"ಹೋದ ಸಲ ನನಗೆ ಗೊತ್ತಿರಲಿಲ್ಲ, ಅಪಾ," ಎಂದಳು ಬುರುಲ್ಚಾ; ಅತ್ತೆಯನ್ನು ಅವಳು 'ಅಮ್ಮಾ' ಎಂದು ಕರೆಯುವ ಬಗೆ ಅದು. "ಇವತ್ತು ಅವನ ಹೊಟ್ಟೆ ಆ ಬೂದು ಉಂಡೆಯಷ್ಟೇ. ಆ ಬಾಟಲಿ ಎಷ್ಟು ಜನಕ್ಕೆ?"

"ಬಾತ್ಮಾ ಎಷ್ಟು ಹೆತ್ತಿದಾಳೆ? ನಾನು ಆರು ಹೆತ್ತವಳು."

"ನಿನ್ನೆಯಿಂದ ನಾಲ್ಕು ಬಟ್ಟೆ ಒದ್ದೆ ಮಾಡಿದಾನೆ. ನೀವೇ ಒಗೆದು ಹಾಕಿದ್ರಿ. ಒಳಗೆ ಹೋಗದ್ದು ಹೊರಗೆ ಎಲ್ಲಿಂದ ಬಂತು?"

ಸಾಯ್ರಾಕಾನ್ ನನ್ನತ್ತ ತಿರುಗಿದಳು. "ಏ ಮುದುಕಾ, ಮನೆಗೆ ಹಿರಿಯ ಅನ್ನಿಸ್ಕೊಂಡಿದೀಯಲ್ಲ. ಹೇಳು ಇವಳಿಗೆ."

ಈ ಮನೆಗೆ ಬಂದ ಆರು ವರ್ಷಗಳಲ್ಲಿ ಬುರುಲ್ಚಾ ನನ್ನೆದುರು ದನಿಯೆತ್ತಿದವಳಲ್ಲ. ನನ್ನ ಹೆಸರನ್ನು ಬಾಯಲ್ಲಿ ಆಡಿದವಳೂ ಅಲ್ಲ; 'ಅತಾ', ಅಪ್ಪ ಎಂದೇ ಕರೆಯುವವಳು. ಅಂದು ಪರದೆಯಾಚೆಯಿಂದ ಅವಳ ದನಿ ನೆಟ್ಟಗೆ ನನ್ನ ಕಡೆಗೇ ಬಂತು.

"ಅತಾ, ನೀವು ಹೇಳಿದ್ರೂ ಕೊಡಲ್ಲ."

ನಲವತ್ತು ವರ್ಷ ಶಾಲೆಯಲ್ಲಿ ಪದ್ಯ ಹೇಳಿಕೊಟ್ಟ ನಾನು ಪಾಠ ಕೇಳುವ ಹುಡುಗನಂತೆ ಆ ಬೂದು ಉಂಡೆಯನ್ನು ನೋಡಿದೆ. ಹಾಗೆ ನೋಡುವುದಕ್ಕೆ ನಾಚಿಕೆಯೂ ಆಗಲಿಲ್ಲ.

"ಅಪಾ," ಎಂದಳು ಅವಳು, ದನಿ ತಗ್ಗಿಸಿ. "ಮೊನ್ನೆ ಆ ಕಪ್ಪು ಕುರಿ ಈದಾಗ ಮರಿಯ ಬಾಯಿ ಹಿಡಿದು ಕೆಚ್ಚಲಿಗೆ ಕೊಟ್ಟೋರು ಯಾರು? ಗಿಣ್ಣುಹಾಲು ಒಂದು ತೊಟ್ಟೂ ನೆಲಕ್ಕೆ ಬೀಳಬಾರ್ದು ಅಂತ ಮಂಡಿಯೂರಿ ಕೂತೋರು ಯಾರು? ಅದನ್ನೇ ನನ್ನ ಮೊದಲ ಹೆರಿಗೇಲಿ ಹಳದಿ ನೀರು, ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸಿದ್ರಿ. ಕುರಿಗಿಂತ ಕಡೆಯಾದ್ನಾ ನಾನು?"

ಪರದೆಯಾಚೆ ಬಟ್ಟೆ ಸರಿದ ಸದ್ದು. ಅಳು ಒಮ್ಮೆ ಏರಿತು, ತೊಡರಿತು, ನಿಂತಿತು. ಆಮೇಲೆ ಗುಟುಕು; ಬಿಡುವು; ಮತ್ತೆ ಗುಟುಕು. ಅಂಥ ಲಯವನ್ನು ನಾನು ಓದಿದ ಯಾವ ಪದ್ಯದಲ್ಲಿಯೂ ಕೇಳಿರಲಿಲ್ಲ.

ಸಾಯ್ರಾಕಾನ್ ಅದನ್ನು ತಲೆ ವಾಲಿಸಿ ಆಲಿಸಿದಳು, ಹಟ್ಟಿಯಲ್ಲಿ ಆಲಿಸುವ ಹಾಗೆಯೇ. ಬಳಿಕ ಕಿಟಕಿಯ ಬಳಿ ಹೋಗಿ ಬಾಟಲಿಯನ್ನು ಎತ್ತಿಕೊಂಡಳು.

"ತಾಯಿ ಸತ್ತ ಮರಿ ಒಂದಿದೆ," ಎಂದಳು, ಯಾರ ಮುಖವನ್ನೂ ನೋಡದೆ. "ಅದಾದ್ರೂ ನನ್ನ ಮಾತು ಕೇಳುತ್ತೆ."

ಬೂಟು ಮೆಟ್ಟಿ ಹೊರಟಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು, ಮಗು ಬೆಚ್ಚದಷ್ಟು ಮೆಲ್ಲಗೆ.