ಬಂಡುವನ್ನು ಯಾರೂ ತೆಗೆದುಕೊಳ್ಳಲಿಲ್ಲ

"ಧೊಂಡಿಬಾ, ನಿನ್ನ ಪಾಳಿ. ಇದs ಕಡೀದು ನೋಡ," ಎಂದು ಕಾಡಸಿದ್ದ ಬಸಿಯಲ್ಲಿದ್ದ ಚಹಾವನ್ನು ಸೊರ್ರನೆ ಹೀರಿದ.

ಧೊಂಡಿಬಾ ತಲೆ ಎತ್ತಲಿಲ್ಲ. ದಿನವಿಡೀ ತೊಗಲಿನ ಮೇಲೆ ಬಗ್ಗಿ ಚಪ್ಪಲಿ ಹೊಲಿಯುವ ಕತ್ತು ಅದು, ಬಿಡುವಿದ್ದಾಗಲೂ ನೆಟ್ಟಗಾಗಲು ಒಲ್ಲೆ ಎನ್ನುತ್ತಿತ್ತು. ಎದುರಿನ ಬೆಂಚಿನಲ್ಲಿ ಬೆಲ್ಲದ ಪೇಟೆಯ ದಲಾಲಿ ಅಂಗಡಿಯ ಕಾಡಸಿದ್ದ, ಅವನ ಪಕ್ಕಕ್ಕೆ ಎರಕದ ಕಾರಖಾನೆಯಿಂದ ಮೈಯೆಲ್ಲ ಮಸಿ ಮಾಡಿಕೊಂಡು ನೇರವಾಗಿ ಬಂದಿದ್ದ ಅಲ್ಲಪ್ಪ. ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಮುಂದೆ ಬರುವ ಹೆಸರು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಕೊಲ್ಹಾಪುರದಲ್ಲಿ ಫುಟ್‌ಬಾಲ್ ಲೀಗು ಶುರುವಾಗುವ ಮುಂಚೆ ಈ ಮೂವರು ಗೆಳೆಯರು ಚಹಾದ ಅಂಗಡಿಯಲ್ಲಿ ಕೂತು ತಮ್ಮ ತಮ್ಮ ಬಾಯಿಮಾತಿನ ಟೀಮು ಕಟ್ಟುವುದು ವರ್ಷಗಳಿಂದ ನಡೆದು ಬಂದದ್ದು. ಯಾವ ತಾಲೀಮಿನ, ಅಂದರೆ ಯಾವ ಓಣಿಯ ಗರಡಿ ಕಟ್ಟಿದ ತಂಡದ, ಹುಡುಗನಾದರೂ ಸರಿ, ಪಾಳಿಯ ಪ್ರಕಾರ ಒಬ್ಬೊಬ್ಬನ ಹೆಸರು ಹೇಳಿ ತನ್ನವನನ್ನಾಗಿ ಮಾಡಿಕೊಳ್ಳಬೇಕು. ಒಬ್ಬ ಎತ್ತಿದ ಹೆಸರು ಇನ್ನೊಬ್ಬನಿಗೆ ಸಿಗದು. ಲೀಗು ಮುಗಿಯುವಾಗ ಯಾರ ಹುಡುಗರು ಹೆಚ್ಚು ಗೋಲು ಹೊಡೆದಿರುತ್ತಾರೋ ಅವನು ಗೆದ್ದ. ಎಲ್ಲರಿಗಿಂತ ಹಿಂದೆ ಬಿದ್ದವನು ಉಳಿದವರಿಗೆ ಮಟನ್ ಊಟ ಹಾಕಬೇಕು. ಮೂರು ವರ್ಷದಿಂದ ಊಟ ಹಾಕುತ್ತಿದ್ದವನು ಧೊಂಡಿಬಾ. ಊಟದ ಮಾತು ಹೋಗಲಿ, ಪೇಟೆಯ ತುಂಬ ಅವನಿಗೆ 'ಅನ್ನದಾತ' ಎಂದು ಹೆಸರು ಬಿದ್ದಿತ್ತು. ಚಪ್ಪಲಿ ಕೊಳ್ಳಲು ಬಂದ ಗಿರಾಕಿಗಳೂ ಹಾಗೆ ಕರೆದು ನಗುತ್ತಿದ್ದರು. ದುಡಿದು ದಣಿದ ಮನುಷ್ಯನಿಗೆ ಇದ್ದ ಒಂದೇ ಚಟದಲ್ಲಿಯೂ ನಗೆಪಾಟಲಾದರೆ ಅವನಾದರೂ ಎಲ್ಲಿಗೆ ಹೋಗಬೇಕು?

ಅದಕ್ಕೇ ಈ ವರ್ಷ ಅವನು ಹೊಸ ದಾರಿ ಹಿಡಿದಿದ್ದ. ಮೈದಾನ ಸಿಗುವ ದಿನಗಳು ಕಡಿಮೆ, ಎಲ್ಲರೂ ಎಲ್ಲರೊಡನೆ ಆಡಲಾಗದು. ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಚೀಟಿ ಎತ್ತಿದ ಮರುದಿನವೇ ಧೊಂಡಿಬಾ ಮೈದಾನದ ಗೋಡೆಗೆ ಹಚ್ಚಿದ್ದ ಪಟ್ಟಿಯ ಮುಂದೆ ನಿಂತು ಯಾವ ತಂಡದ ಪಾಲಿಗೆ ಗಟ್ಟಿ ಎದುರಾಳಿಗಳು ಬಂದಿದ್ದಾರೆ, ಯಾರ ಪಾಲಿಗೆ ಮೆತ್ತನೆಯವರು ಎಂದು ನೋಡಿಕೊಂಡು ಬಂದ. ಗಟ್ಟಿ ಮ್ಯಾಚು ಇದ್ದವರನ್ನು ಮನಸ್ಸಿನಲ್ಲೇ ಕೆಳಕ್ಕೆ ಸರಿಸಿದ, ಮೆತ್ತನೆಯ ಮ್ಯಾಚು ಇದ್ದವರನ್ನು ಮೇಲಕ್ಕೆ ಎತ್ತಿದ. ಹೀಗಾಗಿ ಮೊದಲ ಪಾಳಿಯಲ್ಲೇ ಅವನು ಬಾವಿಕಟ್ಟೆ ತಾಲೀಮಿನ ಮಲ್ಲಾರಿಯ ಹೆಸರು ಹೇಳಿದಾಗ ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡಿದ್ದರು. ಮಲ್ಲಾರಿ ಆಟಗಾರನೇನೋ ಹೌದು. ಆದರೆ ಅವನಿಗಿಂತ ಮೇಲಿನವನು ಬಂಡು ಎಂದು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಬಂಡು ಧೊಂಡಿಬಾನ ಮಗ.

"ಮಗನ್ನ ಕಡೀಗಿ ತಗೊಂಡ್ರೂ ನಡೀತದ. ಅವನ್ನ ಯಾರ ಒಯ್ತಾರು?" ಎಂದು ಆಗ ಅಲ್ಲಪ್ಪ ನಕ್ಕಿದ್ದ. ಅದು ನಿಜ. ಒಬ್ಬನ ಮನೆಯ ಹುಡುಗನನ್ನು ಇನ್ನೊಬ್ಬ ಎತ್ತುವುದು ಊಟಕ್ಕೆ ಕೂತವನ ತಾಟಿಗೆ ಕೈ ಹಾಕಿದಂತೆ ಎಂದು ಅವರು ಯಾರೂ ಹೇಳಿಕೊಡದೆಯೇ ತಿಳಿದಿದ್ದರು. ಬಂಡುವಿನ ಹೆಸರು ಅಲ್ಲಪ್ಪನ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಗಿತ್ತು.

"ಹೇಳೋ ಮಾರಾಯಾ, ಚಹಾ ಆರ್ತು," ಎಂದ ಕಾಡಸಿದ್ದ.

ಬಂಡು ಆಡುವ ದಿಂಡಿಗಲ್ಲಿ ತಾಲೀಮಿಗೆ ಎದುರಾಳಿಗಳಾಗಿ ಬಂದಿದ್ದವರೆಲ್ಲ ಗಟ್ಟಿ ಗೋಡೆಗಳೇ. ಗಡಹಿಂಗ್ಲಜದಿಂದ ಬಂದು ಆಡುವ ಗುಂಡು ಎಂಬ ಹುಡುಗ ಆಟದಲ್ಲಿ ಸಾಧಾರಣ, ಆದರೆ ಅವನೆದುರು ಬರುವವರು ಅವನಿಗಿಂತ ಸಾಧಾರಣ. ಧೊಂಡಿಬಾ ಇನ್ನೊಮ್ಮೆ ತೂಗಿ ನೋಡಿದ. ತಕ್ಕಡಿ ಅದೇ ಕಡೆ ಬಾಗಿತು.

"ಗುಂಡು," ಎಂದ.

ಕಾಡಸಿದ್ದ ಬಸಿಯನ್ನು ಕೆಳಗಿಟ್ಟ. 

"ಅಂದ್ರ ಬಂಡು?" ಎಂದು ಅಲ್ಲಪ್ಪ ಮೆಲ್ಲಗೆ ಕೇಳಿದ.

"ಅವನ ಮ್ಯಾಚ್ ಭಾಳ ಕಠಿಣ ಅದಾವ."

"ಹಂಗಂತ ಮೊದಲs ಹೇಳಿದ್ರ ನಾ ತಗೋತಿದ್ನಲ್ಲೋ!"

ಆದರೆ ಪಾಳಿ ಮುಗಿದಿತ್ತು. ಎತ್ತಿದ ಹೆಸರನ್ನು ಇಳಿಸುವಂತಿಲ್ಲ ಎಂಬುದೂ ಅವರದೇ ಕಟ್ಟಳೆ.

ಸಂಜೆಯೊಳಗೆ ಮಾತು ತಾಲೀಮಿನವರೆಗೆ ಹೋಯಿತು. ಹೇಳಿದವನಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ನಗಲೆಂದೇ ಹೇಳಿದ್ದ. ಬಂಡು ಮನೆಗೆ ಬಂದವನು ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತ. ಅವನ ತಾಯಿ ಹಿರಾಬಾಯಿ ರೊಟ್ಟಿ ಬಡಿಯುತ್ತಿದ್ದಳು.

"ಅಪ್ಪಾ, ನನಗ ಆಟ ಬರೂದಿಲ್ಲೇನು?"

"ಬರ್ತದ. ಯಾರ ಇಲ್ಲಾ ಅಂದ್ರು?" ಧೊಂಡಿಬಾ ಕೈಯಲ್ಲಿದ್ದ ಚಪ್ಪಲಿಯ ಅಟ್ಟೆಯನ್ನು ತಿರುವಿ ತಿರುವಿ ನೋಡಿದ. "ಈ ವರ್ಷ ನಿಮ್ಮ ಚೀಟಿ ಸರಿ ಬಂದಿಲ್ಲ. ಗಟ್ಟಿ ಟೀಮಿನ ಜೋಡಿ ಗೋಲ ಹುಟ್ಟೂದು ಕಷ್ಟ. ಅಷ್ಟs."

"ಗಟ್ಟಿ ಅದಾವಂತ ನನಗ ಗೊತ್ತಿಲ್ಲೇನು? ಅಂಥಾ ಹೊತ್ತಿನ್ಯಾಗರೇ ನನ್ನ ಹೆಸರ ತಗೋಬೇಕಾಗಿತ್ತು."

 ಹಿರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಕಡೆ ತಿರುಗಿದಳು.

"ಹೌದೇನ್ರಿ? ನಿಮ್ಮ ಆಟದಾಗ ನಮ್ಮ ಬಂಡೂನ ಯಾರೂ ತಗೊಳ್ಳಿಲ್ಲಾ?"

"ಬರೇ ಆಟ ಅದು. ಬಾಯಿಮಾತಿಂದು."

"ಬಾಯಿಮಾತಿಗೂ ಬರಲಿಲ್ಲಲ್ರಿ ಮತ್ತ," ಎಂದು ಅವಳು ಒಲೆಯ ಕಡೆ ಮುಖ ಮಾಡಿದಳು.

ಬಂಡು ಗೂಟಕ್ಕೆ ನೇತುಹಾಕಿದ್ದ ಬೂಟುಗಳನ್ನು ತೆಗೆದುಕೊಂಡು ಹೊರಗೆ ಹೋದ. ಆ ಬೂಟುಗಳ ಅಡಿಗೆ ಜಾರದಂತೆ ತೊಗಲಿನ ಸ್ಟಡ್ ಬಡಿಯುವುದು ಅವನು ಚಡ್ಡಿ ಹಾಕುವ ಕಾಲದಿಂದಲೂ ಧೊಂಡಿಬಾನದೇ ಕೆಲಸ. ಪ್ರತಿ ಮ್ಯಾಚಿನ ಹಿಂದಿನ ದಿನ ಸವೆದದ್ದನ್ನು ಕಿತ್ತು ಹೊಸದನ್ನು ಬಡಿದು, ಒಳಗೆ ಕೈ ಹಾಕಿ ಮೊಳೆಯ ತುದಿ ಎಲ್ಲಿಯಾದರೂ ಚುಚ್ಚುತ್ತದೆಯೇ ಎಂದು ಬೆರಳಾಡಿಸಿ ನೋಡಿ ಕೊಡುತ್ತಿದ್ದ. ಈಗ ಬಂಡು ಅವನ್ನು ಬಸ್ ನಿಲ್ದಾಣದ ಹತ್ತಿರ ಕೂತು ಬೂಟು ರಿಪೇರಿ ಮಾಡುವ ಯಾರ ಕೈಗೋ ಕೊಟ್ಟ. ಮರುದಿನ ಸ್ಟಡ್ ಬಡಿಸಿಕೊಂಡು ಬರುವಾಗ ಅಪ್ಪನ ಅಂಗಡಿಯ ಮುಂದೆಯೇ ಬೂಟು ಹಿಡಿದು ಹಾದುಹೋದ. ಧೊಂಡಿಬಾ ನೋಡಿಯೂ ನೋಡದವನಂತೆ ಉಳಿ ಮಸೆಯುತ್ತ ಕೂತ. 

ಲೀಗು ನಡೆದಂತೆ ಅವನ ಲೆಕ್ಕ ಒಂದೂ ಸುಳ್ಳಾಗಲಿಲ್ಲ. ಮಲ್ಲಾರಿ ಮೆತ್ತನೆಯ ತಂಡಗಳ ಮೇಲೆ ಮನಸೋ ಇಚ್ಛೆ ಗೋಲು ಹೊಡೆದ. ಗುಂಡುವೂ ಗೋಲು ಹೊಡೆದು ಹೆಸರು ಮಾಡಿದ. ಬಂಡು ಒಂದೊಂದು ಮ್ಯಾಚಿನಲ್ಲಿಯೂ ಇಬ್ಬಿಬ್ಬರು ಮೂವರು ಎದುರಾಳಿಗಳ ನಡುವೆ ಬಿದ್ದು ಎದ್ದು, ಬರಿಗೈಯಲ್ಲಿ ಮನೆಗೆ ಬಂದ. ಗೆಳೆಯರು ಧೊಂಡಿಬಾನ ಬೆನ್ನು ತಟ್ಟಿದರು. ಪೇಟೆಯವರು 'ಅನ್ನದಾತ' ಎನ್ನುವುದನ್ನು ಬಿಟ್ಟರು. ಲೆಕ್ಕ ಒಂದಿಷ್ಟು ತಪ್ಪಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅದನ್ನು ಯಾರೊಡನೆ ಹೇಳಿಕೊಳ್ಳುವುದು? ಮನೆಯಲ್ಲಿ ತಂದೆ ಮಗ ಒಂದೇ ತಂಬಿಗೆಯ ನೀರು ಕುಡಿದರೂ ಮಾತು ಹಿರಾಬಾಯಿಯ ಮೂಲಕವೇ ಹೋಗಿ ಬರುತ್ತಿತ್ತು.

ಕಡೆಯ ಮ್ಯಾಚು ಬಾವಿಕಟ್ಟೆಗೂ ದಿಂಡಿಗಲ್ಲಿಗೂ ಬಂತು. ಮಲ್ಲಾರಿ ಒಂದು ಗೋಲು ಹೊಡೆದರೆ ಧೊಂಡಿಬಾ ಗೆದ್ದಂತೆ, ಇಲ್ಲವಾದರೆ ಕಾಡಸಿದ್ದ. ದಿಂಡಿಗಲ್ಲಿಯ ಹಿಂದಿನ ಸಾಲು ಎಷ್ಟು ಸಡಿಲವೆಂಬುದನ್ನೂ ಧೊಂಡಿಬಾ ಅಂದೇ ಲೆಕ್ಕಕ್ಕೆ ಹಿಡಿದಿದ್ದ. ಮೂವರೂ ಮೆಟ್ಟಿಲುಗಳ ಮೇಲೆ ಕೂತರು. ಬಿಸಿಲು ನೆತ್ತಿ ಸುಡುತ್ತಿತ್ತು, ಮೈದಾನದ ಕೆಂಪು ಧೂಳು ಮೇಲಿನವರೆಗೂ ಬರುತ್ತಿತ್ತು.

ಮೊದಲರ್ಧ ಮುಗಿಯುವ ಹೊತ್ತಿಗೆ ಮಲ್ಲಾರಿ ಇಬ್ಬರನ್ನು ದಾಟಿ ಚೆಂಡನ್ನು ಒಳಗೆ ತಳ್ಳಿಯೇಬಿಟ್ಟ. ಮೆಟ್ಟಿಲು ಎದ್ದು ಕೂಗಿತು.

"ಗೆದ್ದೆಲ್ಲೋ ಧೊಂಡಿಬಾ! ಈ ವರ್ಷ ಊಟ ನನ್ನ ತಲೀ ಮ್ಯಾಲ!" ಅಲ್ಲಪ್ಪ ಅವನ ಹೆಗಲು ಹಿಡಿದು ಅಲುಗಾಡಿಸಿದ.

ಧೊಂಡಿಬಾ ಗೋಲಿನ ಕಡೆ ನೋಡುತ್ತಿರಲಿಲ್ಲ. ದೂರದಲ್ಲಿ ಬಂಡು ಬಲಗಾಲನ್ನು ಹೊರಮಗ್ಗುಲಿಗೆ ಊರಿ ನಡೆಯುತ್ತಿದ್ದ. ಪೆಟ್ಟು ತಿಂದವನ ಕುಂಟು ಅದಲ್ಲ. ಬೂಟಿನ ಹಿಮ್ಮಡಿಯ ಒಳಗೆ ಮೊಳೆ ಎದ್ದಿತ್ತು.

ವಿರಾಮದ ಸೀಟಿ ಊದಿದಾಗ ಅವನು ಮೆಟ್ಟಿಲು ಇಳಿದು ಮೈದಾನದ ಗೆರೆಯ ಹತ್ತಿರ ಹೋದ. ಅಂಗಿಯ ಜೇಬಿನಲ್ಲಿ ಇಕ್ಕಳವಿತ್ತು. ಅದು ಇಲ್ಲದೆ ಅವನು ಮದುವೆಗೂ ಹೋದವನಲ್ಲ. ಬಂಡು ಹುಲ್ಲಿಲ್ಲದ ನೆಲದ ಮೇಲೆ ಒಬ್ಬನೇ ಕೂತಿದ್ದ. ತಂದೆಯನ್ನು ನೋಡಿದ, ಮತ್ತೆ ಬೇರೆ ಕಡೆ ನೋಡಿದ. ಧೊಂಡಿಬಾ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕೆಳಗೆ ಕೂತ.

"ಕಾಲ ಇತ್ತ ಕೊಡ."

 ಬಂಡು ಮುಖ ತಿರುಗಿಸದೆಯೇ ಕಾಲು ಚಾಚಿದ. ಬೂಟು ಬಿಚ್ಚಿದರೆ ಕಾಲುಚೀಲದ ಹಿಮ್ಮಡಿ ಕೆಂಪಗೆ ಒದ್ದೆಯಾಗಿತ್ತು. ಧೊಂಡಿಬಾ ಒಳಗೆ ಬೆರಳು ಹಾಕಿದ. ಅವಸರದ ಕೈ ಬಡಿದ ಉದ್ದನೆಯ ಮೊಳೆ. ಮೊದಲ ಮ್ಯಾಚಿನಿಂದಲೂ ಚುಚ್ಚುತ್ತಿದ್ದಿರಬೇಕು.

"ನಿನ್ನಾವ ಗೋಲ ಹೊಡದನಲ್ಲ," ಎಂದ ಬಂಡು.

"ಹೊಡದ."

"ಗೆದ್ದೆಯೇನು?"

"ಹೂಂ."

ಮೊಳೆ ಕಿತ್ತುಬಂತು. ಧೊಂಡಿಬಾ ತನ್ನ ಕರವಸ್ತ್ರವನ್ನು ಮಡಚಿ ಹಿಮ್ಮಡಿಯ ಕೆಳಗಿಟ್ಟು, ಬೂಟು ತೊಡಿಸಿ ದಾರ ಎಳೆದು ಕಟ್ಟಿದ.

"ಬಿಗಿ ಆತೇನು?"

"ಇಲ್ಲ," ಎಂದ ಬಂಡು. ಇನ್ನೊಂದು ಕಾಲಿನ ಬೂಟಿಗೆ ತಂದೆ ಕೈ ಹಾಕುವಷ್ಟರಲ್ಲಿ ಸೀಟಿ ಊದಿತು. ಅವನು ಎದ್ದು ಒಳಗೆ ಓಡಿದ.

ಮೇಲಿನಿಂದ ಕಾಡಸಿದ್ದ ಕೂಗುತ್ತಿದ್ದ, ಊಟ ಎಂದು, ಯಾವ ದಿನ ಎಂದು. ಧೊಂಡಿಬಾ ಮೇಲಕ್ಕೆ ಹೋಗಲಿಲ್ಲ. ಕಿತ್ತ ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ಗೆರೆಯ ಹತ್ತಿರವೇ ಕೂತ. ಧೂಳಿನಲ್ಲಿ ಓಡುತ್ತಿದ್ದ ಬಂಡುವಿನ ಎಡಗಾಲಿನ ಬೂಟನ್ನೇ ನೋಡುತ್ತಿದ್ದ. ಅದರ ಮೊಳೆಗಳೂ ಅದೇ ಅವಸರದ ಕೈ ಬಡಿದವು.