ಬಿಲ್ಡ್ ಕೆಡಿಸಿದವರ ಟೋಪಿ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದ ಫೋನು ಬಾತುಕೋಳಿಯ ದನಿಯಲ್ಲಿ ಒಮ್ಮೆ ‘ಕ್ವಾಕ್’ ಎಂದಿತು. ಬ್ರಯೊನಿ ಎದ್ದು ಕುಳಿತಳು.

ಆಸ್ಟ್ರೇಲಿಯದ ಹೋಬಾರ್ಟಿನ ಒಂದು ಪುಟ್ಟ ಕಚೇರಿಯಲ್ಲಿ ಬ್ರಯೊನಿಯೂ ಸೇರಿ ಐವರು ಫೆರಿ ದೋಣಿಯ ಟಿಕೆಟ್ಟಿನ ಆ್ಯಪ್ ಮಾಡುತ್ತಿದ್ದರು. ಅವರು ಹಗಲಿಡೀ ಬರೆದ ಕೋಡನ್ನು ರಾತ್ರಿ ಸರ್ವರ್ ಎಂಬ ಕಚೇರಿಯ ದೊಡ್ಡ ಕಂಪ್ಯೂಟರು ಒಟ್ಟುಗೂಡಿಸಿ ಆ್ಯಪ್ ಕಟ್ಟುತ್ತಿತ್ತು. ಅದಕ್ಕೆ ಬಿಲ್ಡ್ ಎಂದು ಹೆಸರು. ಬಿಲ್ಡ್ ಕೆಟ್ಟರೆ, ಕೊನೆಗೆ ಕೋಡು ಸೇರಿಸಿದವರ ಫೋನಿನಲ್ಲಿ ಬಾತು ಕೂಗುತ್ತಿತ್ತು. ಮಾರನೆಯ ದಿನ ಅವರು ಎಲ್ಲರಿಗೂ ಲ್ಯಾಮಿಂಗ್ಟನ್ ಕೇಕು ತಂದು, ಸಂಜೆಯವರೆಗೆ ವೊಂಬ್ಯಾಟ್ ಎಂಬ ಗುಂಡುಗುಂಡಾದ ಪ್ರಾಣಿಯ ಆಕಾರದ ಉಣ್ಣೆಯ ಟೋಪಿ ಹಾಕಿಕೊಂಡಿರಬೇಕು. ಟೋಪಿಗೆ ಮುಂದೆ ಎರಡು ಕಿವಿ, ಹಿಂದೆ ದಪ್ಪನೆಯ ಪೃಷ್ಠ.

ಬೇರೆ ದಿನವಾಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಬ್ರಯೊನಿಯ ಆರು ತಿಂಗಳ ಪ್ರೊಬೇಷನ್ ಮುಗಿಯುವುದು ನಾಳೆ. ಕೆಲಸ ಖಾಯಮ್ಮೋ ಇಲ್ಲವೋ ಎಂದು ಹತ್ತು ಗಂಟೆಗೆ ರೋವೆನಾ ಹೇಳುವವಳಿದ್ದಳು. ಕಂಪನಿ ರೋವೆನಾಳದು. ‘ನನ್ನನ್ನು ಕೇಳದೆ ಯಾರೂ ಮುಟ್ಟಕೂಡದು’ ಎಂಬ ಚೀಟಿಯನ್ನು ಸರ್ವರಿಗೆ ಅಂಟಿಸಿ, ಒಂದು ಚೀಟಿ ಮಿಕ್ಕಿತೆಂದು ಟೋಸ್ಟರಿಗೂ ಅಂಟಿಸಿದವಳು ಅವಳೇ.

ಬ್ರಯೊನಿ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ತನ್ನ ಕೋಡನ್ನು ಸಾಲುಸಾಲಾಗಿ ನೋಡಿದಳು. ಕಲ್ಲು ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮೂರು ಸಲ ಬಿಲ್ಡ್ ಮಾಡಿದಳು; ಮೂರು ಸಲವೂ ಚಕಾರವೆತ್ತದೆ ಆಯಿತು. ಸರ್ವರನ್ನು ನೋಡಿಕೊಳ್ಳುವ ಹಿರಿಯ ಕ್ಲೆಮ್‌ಗೆ ಫೋನು ಹಚ್ಚಿದಳು.

“ಕ್ಲೆಮ್, ಮಲಗಿದ್ರಾ?”

“ಇಲ್ಲ ತಾಯಿ, ನಿನ್ನ ಫೋನ್ ಬರ್ಲಿ ಅಂತ ಕಣ್ಮುಚ್ಕೊಂಡು ಕಾಯ್ತಿದ್ದೆ. ಬಾತು ಕೂಗ್ತಾ?”

“ಕೂಗ್ತು. ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಆಗ್ತಿದೆ.”

“ಈ ಮಾತನ್ನ ನನ್ನ ಗೋರಿ ಮೇಲೆ ಕೆತ್ತಿಸ್ಬೇಕು ಕಣಮ್ಮ. ಮೂವತ್ತು ವರ್ಷದಿಂದ ಎಲ್ರೂ ಇದನ್ನೇ ಹೇಳ್ತಿದಾರೆ. ಬಿಲ್ಡ್ ಮಾಡೋ ಟೂಲಿಂದು ವರ್ಷನ್ ನೋಡು. ನಿಂದೆಷ್ಟು?”

“ಏಳು.”

“ಸರ್ವರಿಂದು?”

ಬ್ರಯೊನಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. “ಎಂಟು.”

ಆ ಕಡೆ ಏನೋ ದಡಾರನೆ ಬಿತ್ತು. “ಎಂಟಾ? ನಮ್ಮ ಹಳೇ ಕೋಡು ಎಂಟಕ್ಕೆ ಒಗ್ಗೋದೇ ಇಲ್ಲ. ಯಾವ ಪುಣ್ಯಾತ್ಮ ಏರಿಸಿದ್ದು? ಲಾಗ್ ನೋಡು, ಯಾರು ಯಾವಾಗ ಏನ್ ಮಾಡಿದ್ರು ಅಂತ ಹೆಸರು ಸಮೇತ ಇರತ್ತೆ. ಟೋಪಿ ಅವನಿಗೇ.”

ಲಾಗಿನಲ್ಲಿ ಹೆಸರಿತ್ತು. ರಾತ್ರಿ ಒಂಬತ್ತು ಹತ್ತು, ರೋವೆನಾ.

“ಯಾರಂತೆ?”

“ನೆಟ್ ನಿಧಾನ ಇದೆ ಕ್ಲೆಮ್. ನೀವು ಮಲ್ಕೊಳ್ಳಿ.”

ಹೇಳಿದರೆ ಯಜಮಾನಿಯ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನ ಕೆಲಸವೇ ಹೋಗಬಹುದು. ಸರ್ವರನ್ನು ತಾನೇ ಏಳಕ್ಕೆ ಇಳಿಸೋಣವೆಂದರೆ ಮುಟ್ಟುವಂತಿಲ್ಲ. ‘ನೀವು ಮುಟ್ಟಿದ್ದನ್ನು ನಾನು ಮುಟ್ಟಬಹುದೇ?’ ಎಂದು ರೋವೆನಾಳಿಗೆ ಸಂದೇಶ ಬರೆದು ಅಳಿಸಿದಳು. ‘ಯಾರೋ ಮುಟ್ಟಿದ್ದನ್ನು’ ಎಂದು ತಿದ್ದಿ, ಅದನ್ನೂ ಅಳಿಸಿದಳು. ಕೊನೆಗೆ ಸರ್ವರಿನ ತಂಟೆಗೇ ಹೋಗದೆ, ‘ಇದನ್ನು ಏಳನೆಯ ವರ್ಷನ್ನಿನಲ್ಲೇ ಕಟ್ಟತಕ್ಕದ್ದು’ ಎಂದು ಅರ್ಥ ಬರುವ ಒಂದು ಸಾಲನ್ನು ಕೋಡಿನ ಜೊತೆಗೇ ಸೇರಿಸಿದಳು. ಸರ್ವರ್ ಆಜ್ಞೆ ಪಾಲಿಸಿ ಏಳನ್ನು ತಾನೇ ತರಿಸಿಕೊಂಡಿತು. ಬಿಲ್ಡ್ ಆಯಿತು.

ಬೆಳಿಗ್ಗೆ ಎಲ್ಲರಿಗೂ ಲ್ಯಾಮಿಂಗ್ಟನ್ ಹಂಚಿ, ಹತ್ತಕ್ಕೆ ವೊಂಬ್ಯಾಟ್ ಟೋಪಿಯಲ್ಲೇ ರೋವೆನಾಳ ಕೋಣೆಗೆ ಹೋದಳು.

“ಕೂತ್ಕೋ. ಏನಾಗಿತ್ತು?” ಎಂದಳು ರೋವೆನಾ.

“ಟೂಲಿನ ವರ್ಷನ್ ಬೇರೆ ಬೇರೆ ಆಗಿತ್ತು. ಯಾವ್ದು ಬೇಕು ಅಂತ ಕೋಡಲ್ಲೇ ಬರೆದಿಟ್ಟಿದೀನಿ. ಇನ್ಮೇಲೆ ಯಾರು ಏನೇ ಏರಿಸಿದ್ರೂ ಕೆಡಲ್ಲ.”

“ಏರಿಸಿದ್ದು ಯಾರು?”

“ಲಾಗಲ್ಲಿದೆ.”

ರೋವೆನಾ ಲಾಗ್ ತೆರೆದು ಓದಿದಳು. ಕಿವಿಯವರೆಗೂ ಕೆಂಪಾದಳು.

“ಸ್ಕ್ರೀನಲ್ಲಿ ಒಂದು ಹಳದಿ ಪಟ್ಟಿ ಬಂದಿತ್ತು ಕಣೇ. ಅಪ್‌ಡೇಟ್ ಮಾಡಿ, ಅಪ್‌ಡೇಟ್ ಮಾಡಿ ಅಂತ ಒಂದೇ ಸಮ ಪೀಡಿಸ್ತಿತ್ತು. ಹಾಳಾಗ್ಲಿ ಅಂತ ಒತ್ತಿಬಿಟ್ಟೆ.” ಒಂದು ಲಕೋಟೆಯನ್ನು ಮುಂದೆ ತಳ್ಳಿದಳು. “ಕೆಲಸ ಖಾಯಂ. ಸಹಿ ನಿನ್ನೆ ಸಂಜೇನೇ ಹಾಕಿದ್ದು, ತಾರೀಖು ನೋಡ್ಕೋ. ಲಂಚ ಅಂದ್ಕೋಬೇಡ. ಆ ಟೋಪಿ ಇಲ್ಲಿ ಕೊಡು.”

ರೋವೆನಾ ಟೋಪಿಯನ್ನು ತಲೆಗೆ ಏರಿಸಿದಳು, ಅದೂ ಹಿಂದುಮುಂದಾಗಿ. ವೊಂಬ್ಯಾಟಿನ ಪೃಷ್ಠ ಹಣೆಯ ಮೇಲೆ ಕುಳಿತಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬ್ರಯೊನಿ ಯೋಚಿಸದೆ ಟೋಪಿಯನ್ನು ಕಿತ್ತು ತನ್ನ ತಲೆಗೆ ಹಾಕಿಕೊಂಡಳು.

ಕ್ಲೆಮ್ ಇಣುಕಿದ. “ಯಾರಂತಮ್ಮ ಬಿಲ್ಡ್ ಕೆಡಿಸಿದ್ದು?”

“ನಾನೇ.”

ಕ್ಲೆಮ್ ಅವಳನ್ನು ನೋಡಿದ, ರೋವೆನಾಳ ಕೆದರಿದ ಕೂದಲನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಅದಕ್ಕೆ ಕೈಯಲ್ಲಿದ್ದ ಲ್ಯಾಮಿಂಗ್ಟನ್ ತುರುಕಿಕೊಂಡು ಹೊರಟುಹೋದ.

ಅವನಿಗೆ ಗೊತ್ತಿತ್ತೋ ಇಲ್ಲವೋ ಬ್ರಯೊನಿಗೆ ತಿಳಿಯಲಿಲ್ಲ. ಕೇಳಿದರೆ ತಾನೇ ಹೇಳಿದಂತಾಗುತ್ತದೆ. ಆದ್ದರಿಂದ ಕೇಳುವುದೂ ಬೇಡ, ಯಾರಿಗೂ ಹೇಳುವುದೂ ಬೇಡ ಎಂದು ಅಲ್ಲೇ ನಿರ್ಧರಿಸಿದಳು.