ತವರಿನ ಸೀರೆ

ಸ್ನಾನ ಮಾಡಿಸಿದ ಗಿರಿಜಾಬಾಯಿಯ ದೇಹವನ್ನು ಮಣೆಯ ಮೇಲೆ ಕೂರಿಸಿ ಗೋಡೆಗೆ ಒರಗಿಸುತ್ತಿದ್ದಾಗಲೇ ಮೈದುನ ಅಡಿವೆಯ್ಯ ಕೇಳಿದ: "ತವರಿನ ಸೀರಿ ಎಲ್ಲೈತಿ?"

ಹೆಣ್ಣಿಗೆ ಕಡೆಯ ಸೀರೆ ತವರಿನಿಂದಲೇ ಬರಬೇಕು. ಗಿರಿಜಾಬಾಯಿಯ ತವರಿನಲ್ಲಿ ಬಾಗಿಲು ತೆರೆಯುವವರೂ ಉಳಿದಿರಲಿಲ್ಲ.

"ನಾವು ತಂದೇವ್ರಿ," ಹೊಸ್ತಿಲಾಚೆಯಿಂದ ಮರಿಯಾ ಹೇಳಿದಳು. ಹಳಿಯಾಳ ಕಡೆಯ ಸಿದ್ದಿ ಹೆಂಗಸು. ಪಕ್ಕದಲ್ಲಿ ಟಿಬೆಟನ್ ಕಾಲೊನಿಯ ಯಾಂಗ್ಚೆನ್, ಹಸಿರು ಇಳಕಲ್ ಸೀರೆಯನ್ನು ಎದೆಗವಚಿಕೊಂಡು ನಿಂತಿದ್ದಳು.

*

ಫೆಬ್ರವರಿಯಲ್ಲಿ ಗಿರಿಜಾಬಾಯಿ, ಮರಿಯಾ, ಯಾಂಗ್ಚೆನ್ ಮೂವರೂ ಮುಂಡಗೋಡದ ಮಹಿಳಾ ಸಂಘದಲ್ಲಿ ಕೂತು ಮಹಿಳಾ ದಿನಕ್ಕೆ ಬ್ಯಾನರ್ ಹೊಲಿದಿದ್ದರು. 'ನಾವೆಲ್ಲರೂ ಸಮಾನರು' ಎಂಬ ದೊಡ್ಡ ಅಕ್ಷರಗಳು. ಮರಿಯಾ ಕೌದಿ ಹೊಲಿಯುವಂತೆ ಅಂಚಿನಿಂದ ಸುತ್ತುತ್ತ ಒಳಗೆ ಬಂದಳು. ಗಿರಿಜಾಬಾಯಿ ನೆಟ್ಟಗೆ ಸಾಲು ಹಾಕಿದಳು. ಎರಡೂ ಕೂಡಿದಲ್ಲಿ ಬಟ್ಟೆ ಸುಕ್ಕುಗಟ್ಟಿತು. ಯಾಂಗ್ಚೆನ್ ಬಿಚ್ಚಲು ಹೋದರೆ ಗಿರಿಜಾಬಾಯಿ ಬಿಡಲಿಲ್ಲ.

"ಇರ್ಲಿ ಬಿಡವ್ವಾ. ಬ್ಯಾರೆ ಬ್ಯಾರೆ ಕೈ ಕೂಡಿದ್ರ ಸುಕ್ಕು ಬೀಳೂದ."

ಬ್ಯಾನರಿಗೆ ಜೋಡಿಸಲು ಯಾಂಗ್ಚೆನ್ ತನ್ನ ತಾಯಿಯ ಪಟ್ಟೆಪಟ್ಟೆ ಬಟ್ಟೆಯ ತುಂಡು ತಂದಿದ್ದಳು, ಮರಿಯಾ ಅಜ್ಜಿಯ ಸೀರೆಯದು.

"ನನಗ ತವರಿಂದ ಒಂದ ಚಿಂದೀನೂ ಇಲ್ಲ," ಎಂದಳು ಗಿರಿಜಾಬಾಯಿ. "ಸತ್ತಾಗ ಸೀರಿ ತರಾಕೂ ಯಾರಿಲ್ಲ."

"ನಾವ ತರ್ತೇವಿ. ಯಾವ ಬಣ್ಣ ಬೇಕ ಹೇಳ," ಮರಿಯಾ ಕಾಡಿಸಿದಳು.

"ಹಸರು," ಎಂದು ಗಿರಿಜಾಬಾಯಿ ನಾಚಿಕೊಂಡಳು. ಗಂಡ ಹೋದ ಮೇಲೆ ಆಕೆ ಹಸಿರು ಉಟ್ಟಿರಲಿಲ್ಲ.

*

"ನಿಮ್ಮ ಮನಸ್ಸು ದೊಡ್ಡದೈತಿ ತಂಗಿ," ಅಡಿವೆಯ್ಯ ಹೇಳಿದ. "ಆದ್ರ ತವರು ಅಂದ್ರ ರಕ್ತ. ನೀವು ಬ್ಯಾರೆ ಮಂದಿ. ನಾಳೆ ಊರಾಗ ನಾ ಏನ ಹೇಳ್ಲಿ?"

ಮಾರ್ಚಿನಲ್ಲಿ ಅದೇ ಬ್ಯಾನರಿನ ಮುಂದೆ ನಿಂತು ಭಾಷಣ ಬಿಗಿದವನು ಇವನೇ. ಭಾಷಣ ಚೆನ್ನಾಗಿಯೇ ಇತ್ತು. ಈಗಲೂ ಅತ್ತಿಗೆಗಾಗಿ ಅವನು ಕಣ್ಣೊರೆಸಿಕೊಳ್ಳುತ್ತಲೇ ಇದ್ದ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಗಿರಿಜಾಬಾಯಿಯ ಸೊಸೆ ದ್ರಾಕ್ಷಾಯಣಿ, "ಕಾಕಾ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಪೇಟೆಯಿಂದ ಬಿಳಿ ಸೀರೆ ಬಂತು. ತವರಿನ ಹೆಸರಿನಲ್ಲಿ ಅದನ್ನೇ ಉಡಿಸಿದರು. ಭಜನೆಯವರು ಮುಂದೆ ನಡೆದರು. ಹೆಗಲ ಮೇಲೆ ಹೊತ್ತ ಹೂವಿನ ವಿಮಾನದಲ್ಲಿ ಕೂತು ಗಿರಿಜಾಬಾಯಿ ಹೊರಟುಹೋದಳು. ಗೆಳತಿಯರಿಬ್ಬರೂ ಅಂಗಳದಲ್ಲೇ ಉಳಿದರು.

ಮನೆ ತೊಳೆಯಲು ಉಳಿದಿದ್ದ ದ್ರಾಕ್ಷಾಯಣಿ ಪೊರಕೆ ಹಿಡಿದು ಬಾಗಿಲಿಗೆ ಬಂದಳು. ಬೀದಿಯತ್ತ ನೋಡಿದಳು.

"ಒಳಗ ಬರ್ರಿ," ಎಂದಳು.

ಗೋಡೆಯ ಬದಿಯ ಮಣೆ ಇನ್ನೂ ಒದ್ದೆಯಾಗಿತ್ತು. ಯಾಂಗ್ಚೆನ್ ಹಸಿರು ಸೀರೆಯ ಮಡಿಕೆ ಬಿಚ್ಚಿ ಸೆರಗನ್ನು ಗೋಡೆಗೆ ಹಿಡಿದಳು. ಮರಿಯಾ ಮಣೆಯ ಮುಂದೆ ಕೂತು ನಿರಿಗೆ ಹಿಡಿಯತೊಡಗಿದಳು.

"ಅತ್ತ್ಯಾರ ನಿರಿಗಿ ಇನ್ನೂ ಸಣ್ಣ ಇರ್ತಿದ್ವು," ದ್ರಾಕ್ಷಾಯಣಿ ಹೇಳಿದಳು.

ಮರಿಯಾ ಅಷ್ಟನ್ನೂ ಬಿಚ್ಚಿ, ಖಾಲಿ ಮಣೆಯ ಮುಂದೆ ಮತ್ತೆ ಸಣ್ಣಗೆ ನಿರಿಗೆ ಹಿಡಿದಳು.